ಒಂದು ಬಾಗಿಲು, ಎರಡು ಒಲೆ

ಮೊಮ್ಮಗಳು ತನ್ನ ಮದುವೆಗೆ ಕರೆಯಬೇಕಾದವರ ಹೆಸರನ್ನೆಲ್ಲ ಕಂಪ್ಯೂಟರಿಗೆ ತುಂಬುತ್ತ ಕೂತಿದ್ದಳು. ಅವಳ ಅಪ್ಪ ಒಂದು ಪಟ್ಟಿ ಕೊಟ್ಟಿದ್ದ, ಅಮ್ಮ ಒಂದು, ಚಿಕ್ಕಪ್ಪ ಒಂದು. ಮೂರನ್ನೂ ಸೇರಿಸಿದರೆ ನೆಂಟರಲ್ಲಿ ಅರ್ಧಕ್ಕರ್ಧ ಜನ ಎರಡೆರಡು ಸಲ ಬಂದು ಕೂತಿದ್ದರು. "ಏನೂ ಯೋಚನೆ ಇಲ್ಲ ಅಜ್ಜಿ, ನಾನು ಒಂದು ಸಾಲು ಬರೆದ್ರೆ ಸಾಕು, ಎರಡನೇ ಸಲ ಬಂದಿರೋದನ್ನೆಲ್ಲ ಇದೇ ತೆಗೆದು ಹಾಕುತ್ತೆ" ಎಂದಳು. ಹಾಗೆಂದವಳು ತೆರೆಯ ಮೇಲೆ ಬೆರಳಿಟ್ಟು ಕೇಳಿದಳು. "ಆದ್ರೆ ಯಾವುದನ್ನ ನೋಡಿ ಎರಡೂ ಒಂದೇ ಅಂತ ಹೇಳ್ಬೇಕು ಇದಕ್ಕೆ? ಹೆಸರು ನೋಡಿನಾ, ಊರು ನೋಡಿನಾ, ಫೋನ್ ನಂಬರ್ ನೋಡಿನಾ?"

"ಒಲೆ ನೋಡಿ ಹೇಳು" ಎಂದೆ.

ಅವಳು ನಕ್ಕುಬಿಟ್ಟಳು. ನಗಲಿ ಪಾಪ, ಗ್ಯಾಸು ಹಚ್ಚಿ ಬೆಳೆದ ಹುಡುಗಿ. ಆದರೆ ನನ್ನ ಮದುವೆಯಲ್ಲಿ ಇದೇ ಪ್ರಶ್ನೆಗೆ ನಮ್ಮವ್ವ ಹಟ ಹಿಡಿದು ಕೂತದ್ದು, ಆ ಹಟಕ್ಕೆ ನಾನು ಹಸೆಮಣೆಯೇ ಬೇಡವೆಂದು ಕೂಗಾಡಿದ್ದು, ಇವೆಲ್ಲ ಆ ನಗುವಿನ ಜೊತೆಗೇ ನೆನಪಿಗೆ ಬಂದವು. ಇನ್ನು ನೆನಪಾದ ಮೇಲೆ ಬಾಯಿ ಮುಚ್ಚಿಕೊಂಡಿರುವ ಹೆಂಗಸು ನಾನಲ್ಲ.

ಅದು ನಲವತ್ತರ ದಶಕ, ಯುದ್ಧದ ಕಾಲ. ಯುದ್ಧ ಎಲ್ಲಿ ನಡೆಯುತ್ತಿತ್ತೋ ನಮಗೇನು ಗೊತ್ತು, ನಾವು ಅದನ್ನು ಕಂಡದ್ದು ಅಕ್ಕಿಯಲ್ಲಿ, ಸಕ್ಕರೆಯಲ್ಲಿ, ಸೀಮೆಎಣ್ಣೆಯಲ್ಲಿ. ಎಲ್ಲಕ್ಕೂ ಕಂಟ್ರೋಲು, ಸರ್ಕಾರ ಅಳೆದು ಕೊಟ್ಟಷ್ಟೇ. ನಮ್ಮದು ಸೂಲಿಬೆಲೆಯ ಹತ್ತಿರದ ಹಳ್ಳಿ. ಮನೆಯಲ್ಲಿ ರಾಗಿಗೆ ಕೊರತೆ ಇರಲಿಲ್ಲ, ಆದರೆ ಮದುವೆ ಊಟಕ್ಕೆ ಬರೀ ಮುದ್ದೆ ಹಾಕಿದರೆ ಬೀಗರು ಬಿಡುತ್ತಾರೆಯೇ? ಅಕ್ಕಿ ಬೇಕೆಂದರೆ ಎಷ್ಟು ಮನೆಯವರು ಊಟಕ್ಕೆ ಬರುತ್ತಾರೆಂದು ಹೊಸಕೋಟೆ ಕಚೇರಿಯಲ್ಲಿ ಹೇಳಿ ಪರ್ಮಿಟ್ಟು ತರಬೇಕಿತ್ತು. ಅಪ್ಪನಿಗೆ ಅದೇ ಚಿಂತೆ. "ಮೊದ್ಲು ಮನೆ ಎಷ್ಟು ಅಂತ ಸರಿಯಾಗಿ ಹೇಳಿ. ಹೆಚ್ಚು ಹೇಳಿದ್ರೆ ಬೈತಾರೆ, ಕಮ್ಮಿ ಹೇಳಿದ್ರೆ ನಾವು ಚಪ್ಪರದಲ್ಲಿ ತಲೆ ತಗ್ಗಿಸ್ಬೇಕಾಗುತ್ತೆ" ಎಂದು ಬೆಳಗಾದರೆ ಶುರು ಮಾಡುತ್ತಿದ್ದ.

ನಮ್ಮವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಅವಳ ಪಟ್ಟಿ ನಡುಮನೆಯ ನೆಲದ ಮೇಲೆ ಇರುತ್ತಿತ್ತು, ಹುಣಿಸೇಬೀಜದ ಪಟ್ಟಿ. ಸಾರಿಸಿದ ನೆಲದ ಮೇಲೆ ಊರಿನಿಂದ ಹೊರಡುವ ದಾರಿಗೊಂದು ಸಾಲು: ನಂದಗುಡಿ ದಾರಿ ಒಂದು, ಹೊಸಕೋಟೆ ದಾರಿ ಒಂದು, ದೇವನಹಳ್ಳಿ ದಾಟಿ ಕುಂದಾಣದ ಕಡೆ ಹೋಗುವ ದಾರಿ ಒಂದು. ದಾರಿಯಲ್ಲಿ ಯಾವ ಊರು ಮೊದಲು ಸಿಗುತ್ತದೋ ಅದರ ಬೀಜ ಮೊದಲು. ಒಂದು ಮನೆಗೆ ಒಂದೇ ಬೀಜ. ಮದುವೆ ಮುಗಿಯುವ ತನಕ ಆ ಜಾಗದಲ್ಲಿ ಯಾರೂ ಓಡಾಡುವ ಹಾಗಿರಲಿಲ್ಲ, ಕೋಳಿ ಬಂದರೆ ಅವ್ವ ಅಡುಗೆಮನೆಯಿಂದಲೇ ಕೂಗಿ ಓಡಿಸುತ್ತಿದ್ದಳು.

ತೊಂದರೆ ಏನಾಗಿತ್ತೆಂದರೆ, ನಮ್ಮ ಕಡೆ ಹೆಣ್ಣು ಕೊಟ್ಟ ಮನೆಯಿಂದಲೇ ಹೆಣ್ಣು ತರುವುದು ರೂಢಿ. ಹೀಗಾಗಿ ಒಬ್ಬನೇ ಮನುಷ್ಯ ಒಬ್ಬರಿಗೆ ಭಾವ, ಇನ್ನೊಬ್ಬರಿಗೆ ತಮ್ಮನ ಮಗ, ಮತ್ತೊಬ್ಬರಿಗೆ ಬೀಗ. ಅಪ್ಪ "ನಂದಗುಡಿ ಭಾವ" ಎನ್ನುತ್ತಿದ್ದ. ಅಪ್ಪನ ತಾಯಿ, ನಮ್ಮಜ್ಜಿ, ಎಲೆ ಮೆಲ್ಲುತ್ತ "ನನ್ ಕಿರೀ ತಮ್ಮನ ಮಗನ್ನ ಮರ್ತೀರಾ" ಎಂದು ಕಣ್ಣೀರು ಹಾಕುತ್ತಿದ್ದಳು. ಅವ್ವ ತಾನೇ ನೆನಪು ಮಾಡಿಕೊಂಡು "ಮೊನ್ನೆ ಕರು ಕೊಟ್ರಲ್ಲ, ಅವರ ಮನೆ" ಎನ್ನುತ್ತಿದ್ದಳು. ಮೂರೂ ಒಂದೇ ಮನೆ! ಬೇರೆ ಯಾರಾದರೂ ಆಗಿದ್ದರೆ ಮೂರು ಮನೆಯೆಂದು ಎಣಿಸಿ ಮೂರು ಮನೆಯ ಅಕ್ಕಿ ಬೇಯಿಸಿಬಿಡುತ್ತಿದ್ದರು.

ಅವ್ವ ಯಾರು ಏನು ನೆಂಟಸ್ತಿಕೆ ಹೇಳಿದರೂ ಅದಕ್ಕೆ ಕಿವಿ ಕೊಡುತ್ತಿರಲಿಲ್ಲ. "ಮನೆ ಎಲ್ಲೈತೆ ಹೇಳಿ" ಎನ್ನುತ್ತಿದ್ದಳು. ಹೇಳಿದರೆ ಬೆರಳನ್ನು ನೆಲದ ಮೇಲೆ ಇಟ್ಟು ಆ ದಾರಿ ಹಿಡಿದು ನಡೆಸಿಕೊಂಡು ಹೋಗುತ್ತಿದ್ದಳು. ಕೆರೆ ಏರಿ ಇಳಿದು, ಅರಳಿಕಟ್ಟೆ ದಾಟಿ, ಎಡಕ್ಕೆ ತಿರುಗಿ, ಬಾಗಿಲ ಮುಂದೆ ನಿಲ್ಲುತ್ತಿದ್ದಳು. ಅಲ್ಲಿ ಆಗಲೇ ಬೀಜ ಇದ್ದರೆ "ಕೂತವ್ರೆ" ಎಂದು ಕೈ ತೆಗೆಯುತ್ತಿದ್ದಳು. ಇಲ್ಲದಿದ್ದರೆ ಒಂದು ಬೀಜ ಇಡುತ್ತಿದ್ದಳು. ಅಷ್ಟೇ. ಅಜ್ಜಿಯ ತಮ್ಮನ ಮಗನ ಮಾತು ಬಂದಾಗ "ಕೂತವ್ರೆ ಕಣತ್ತೆ, ನಿನ್ನ ಮಗನ ಭಾವನಾಗಿ ಆಗ್ಲೇ ಬಂದು ಕೂತವ್ರೆ" ಎಂದಳು. ಅಜ್ಜಿ ಒಪ್ಪಲಿಲ್ಲ. ತನ್ನ ಲೆಕ್ಕದಲ್ಲೂ ಒಂದು ಇಡಲೇಬೇಕೆಂದಳು. "ಒಬ್ಬ ಮನುಷ್ಯನಿಗೆ ಎಷ್ಟು ಎಲೆ ಹಾಕೋಣ? ಹೊಟ್ಟೆ ಎಷ್ಟೈತೆ ಅವನಿಗೆ?" ಎಂದು ಅಪ್ಪ ರೇಗಿದ ಮೇಲೆ ಸುಮ್ಮನಾದಳು.

ನನಗೆ ಅದನ್ನು ನೋಡುತ್ತ ಕೂರುವುದೆಂದರೆ ಬಲು ಇಷ್ಟ. ಮದುವೆ ಹೆಣ್ಣೆಂದು ಯಾರೂ ಕೆಲಸ ಹೇಳುತ್ತಿರಲಿಲ್ಲ, ಕಂಬಕ್ಕೆ ಒರಗಿ ಕೂತು ಅವ್ವನ ಬೆರಳು ಊರೂರು ತಿರುಗುವುದನ್ನು ನೋಡುತ್ತಿದ್ದೆ. ಎಷ್ಟು ಜನ ಎಷ್ಟು ಸಲ ಹೇಳಿದರೂ ಅವಳ ಲೆಕ್ಕ ತಪ್ಪುತ್ತಿರಲಿಲ್ಲ. ಒಂದೇ ಒಂದು ಕಡೆ ತಪ್ಪಿತು, ಅದೂ ಅವಳ ತವರಿನಲ್ಲಿ.

ಕುಂದಾಣದ ಕಡೆಯ ಒಂದು ಹಳ್ಳಿ ಅವ್ವನ ತವರು. ಅವಳಿಗೊಬ್ಬ ಅಣ್ಣ, ಒಬ್ಬ ತಮ್ಮ. ನಮಗೆ ದೊಡ್ಡಮಾವ, ಚಿಕ್ಕಮಾವ. ಅವರ ತಾಯಿ ತೀರಿಕೊಂಡ ಮೇಲೆ ಇಬ್ಬರೂ ಪಾಲಾದರು. ಹೊಲ ಹಂಚಿಕೊಂಡರು, ಎತ್ತು ಹಂಚಿಕೊಂಡರು, ಕೊನೆಗೆ ಮನೆಯನ್ನೂ ಹಂಚಿಕೊಂಡರು. ತಲೆಬಾಗಿಲು ಮಾತ್ರ ಇಬ್ಬರಿಗೂ ಬೇಕು, ಅದು ಮನೆದೇವರ ಬಾಗಿಲು. ಅದಕ್ಕೇ ಬಾಗಿಲನ್ನು ಹಾಗೇ ಬಿಟ್ಟು ನಡುಮನೆಯಲ್ಲಿ ಮಣ್ಣಿನ ಗೋಡೆ ಎಬ್ಬಿಸಿದರು. ಒಳಗೆ ಹೋಗಿ ಬಲಕ್ಕೆ ತಿರುಗಿದರೆ ದೊಡ್ಡಮಾವನ ಒಲೆ, ಎಡಕ್ಕೆ ತಿರುಗಿದರೆ ಚಿಕ್ಕಮಾವನ ಒಲೆ. ಒಂದೇ ಹೊಸ್ತಿಲು ದಾಟುವ ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ.

ಇದೆಲ್ಲ ನಮಗೆ ಕೇಳಿ ಗೊತ್ತು, ನೋಡಿ ಗೊತ್ತಿರಲಿಲ್ಲ. ಗೋಡೆಯ ಸುದ್ದಿ ಬಂದ ದಿನ ಅವ್ವ "ನಾನು ಆ ಗೋಡೆ ನೋಡಾಕೆ ಹೋಗಲ್ಲ" ಎಂದಿದ್ದಳು. ಗೌರಿಹಬ್ಬಕ್ಕೆ ಕರೆದರೂ ಹೋಗಲಿಲ್ಲ.

ಕುಂದಾಣದ ದಾರಿಯಲ್ಲಿ ಮೊದಲ ಬೀಜ ಅವಳ ತವರಿನದೇ. ಇಟ್ಟಳು. ಅಜ್ಜಿ ಪಕ್ಕದಲ್ಲಿ ಇನ್ನೊಂದು ಇಟ್ಟಳು. ಅವ್ವ ಅದನ್ನು ತೆಗೆದಳು.

"ಯಾಕಮ್ಮಿ ತೆಗೀತೀಯ? ಚಿಕ್ಕೋನ್ದು ಕಣೆ ಅದು."

"ಕೂತವ್ರೆ ಅತ್ತೆ. ನಮ್ಮ ಮನೆ ಒಂದೇಯ."

"ಒಲೆ ಎರಡಾಗಿ ವರ್ಷ ಆಯ್ತಲ್ಲೇ!"

"ಬಾಗಿಲು ಒಂದೇ ಐತಲ್ಲ."

ನಮ್ಮಲ್ಲಿ ಕರೆಯುವುದೆಂದರೆ ಬಾಗಿಲಲ್ಲಿ ನಿಂತು ಕೂಗಿ ಬರುವುದಲ್ಲ. ಒಲೆಗೊಂದು ಕರೆ. ಎಲ್ಲಿ ಬೇರೆ ಅಡುಗೆ ಆಗುತ್ತದೋ ಆ ಒಲೆಯ ಹೆಂಗಸಿಗೆ ಕುಂಕುಮ ಇಟ್ಟು, ಎಲೆ ಅಡಿಕೆ ಕಾಯಿ ಕೊಟ್ಟು, ಮನೆಮಂದಿಯೆಲ್ಲ ಬನ್ನಿ ಎನ್ನಬೇಕು. ಬೇರೆ ಒಲೆಯವರು ಅದರಲ್ಲಿ ಸೇರುವುದಿಲ್ಲ, ಒಂದೇ ಸೂರಿನ ಕೆಳಗೆ ಇದ್ದರೂ ಸೇರುವುದಿಲ್ಲ. ಇದು ಅವ್ವನಿಗೆ ಗೊತ್ತಿರಲಿಲ್ಲವೇ? ಬೇರೆ ಪಾಲಾದ ಮನೆಗಳಿಗೆಲ್ಲ ಅವಳೇ ಎರಡೆರಡು ಬೀಜ ಇಟ್ಟಿದ್ದಳು. ಅಪ್ಪ ಬಂದು ಕೂತು ಸಮಾಧಾನವಾಗಿ ಹೇಳಿದ: "ಎರಡು ಇಡೇ. ಇಲ್ದಿದ್ರೆ ಅವನು ಬರಲ್ಲ. ನಿನ್ನ ತಮ್ಮನ ಗುಣ ನಿನಗಿಂತ ನನಗೆ ಗೊತ್ತೇನು?"

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಗೋಡೆ ಅವ್ರು ಎಬ್ಬಿಸ್ಕೊಂಡ್ರು, ಎಬ್ಬಿಸ್ಕೊಳ್ಲಿ. ನಾನೂ ಎರಡು ಬೀಜ ಇಟ್ರೆ ಆ ಗೋಡೆಗೆ ನಾನೂ ಮಣ್ಣು ಕೊಟ್ಟಂಗೆ ಆಗ್ಲಿಲ್ವಾ? ನನಗೆ ಇರೋದು ಒಂದು ತವರು. ಎರಡು ಮಾಡ್ಬೇಡಿ."

ಅಪ್ಪ ಎದ್ದು ಹಟ್ಟಿಗೆ ಹೋದ. ಅವ್ವ ತೆಗೆದ ಬೀಜವನ್ನು ಮಡಕೆಗೆ ಹಾಕುತ್ತಾಳೆಂದು ನಾನು ನೋಡುತ್ತಿದ್ದೆ. ಹಾಕಲಿಲ್ಲ. ತನ್ನ ಎಲೆಅಡಿಕೆ ಚೀಲದೊಳಗೆ ಹಾಕಿಕೊಂಡು ದಾರ ಎಳೆದಳು.

ನನಗೆ ಹಸೆಮಣೆಯ ಚಿಂತೆ ಶುರುವಾದದ್ದು ಆಗ. ಹೆಣ್ಣನ್ನು ಒಳಗಿನಿಂದ ಎತ್ತಿಕೊಂಡು ಬಂದು ಹಸೆಮಣೆಯ ಮೇಲೆ ಕೂರಿಸುವವನು ಸೋದರಮಾವ. ನನಗೆ ಆ ಸೋದರಮಾವ ಎಂದರೆ ಚಿಕ್ಕಮಾವನೇ. ದೊಡ್ಡಮಾವ ಒಳ್ಳೆಯವನು, ಆದರೆ ಮಾತಿಲ್ಲದ ಮನುಷ್ಯ, ನಮ್ಮ ತಲೆ ಸವರಿ ಹೊಲಕ್ಕೆ ಹೋಗಿಬಿಡುತ್ತಿದ್ದ. ಚಿಕ್ಕಮಾವ ಹಾಗಲ್ಲ. ನಾನು ಸಣ್ಣವಳಿದ್ದಾಗ ಅವ್ವನ ಜೊತೆ ಅವಳ ತವರಿಗೆ ಹೋದರೆ ಕೆಳಗೆ ಕಾಲಿಡಲು ಬಿಡುತ್ತಿರಲಿಲ್ಲ. ಹೆಗಲ ಮೇಲೆ ಕೂರಿಸಿಕೊಂಡು ಕೆರೆ ಏರಿಯ ಮೇಲೆ ಓಡುತ್ತಿದ್ದ, ನಾನು ಅವನ ಜುಟ್ಟು ಹಿಡಿದು ಕಿರುಚುತ್ತಿದ್ದೆ. "ಹಸೆಗೂ ಹಿಂಗೇ ಹೊತ್ಕೊಂಡು ಹೋಗ್ತೀನಿ ಕಣೇ, ಅಲ್ಲೀಗಂಟ ಜಾಸ್ತಿ ತಿನ್ಬೇಡ" ಎನ್ನುತ್ತಿದ್ದ. ಅವನನ್ನು ಕಂಡರೆ ನನಗೆ ಪ್ರಾಣ.

ಅಪ್ಪ ಒಂದು ತಟ್ಟೆ, ಒಂದು ಕಾಯಿ ಹಿಡಿದು ಕುಂದಾಣದ ಕಡೆ ಗಾಡಿ ಕಟ್ಟಿದ. ಅವ್ವ ಲೆಕ್ಕ ಮಾಡಿ ಕೊಟ್ಟದ್ದು ಅಷ್ಟೇ. ಹಿಂದಿರುಗಿದಾಗ ಮುಖ ಬಾಡಿತ್ತು. ಜಗಲಿಯ ಮೇಲೆ ಕೂತು ಕಾಲಿಗೆ ನೀರು ಹಾಕಿಸಿಕೊಳ್ಳುತ್ತಲೇ ಹೇಳಿದ.

"ಬಾಗಿಲಲ್ಲಿ ನಿಂತೆ. ದೊಡ್ಡೋನ ಹೆಂಡ್ತಿ ಬಂದು ಕಾಯಿ ಇಸ್ಕೊಂಡ್ಳು. ಆಮ್ಯಾಕೆ ಎಡಕ್ಕೆ ತಿರುಗೋಣ ಅಂದ್ರೆ ಕೈ ಖಾಲಿ. ಖಾಲಿ ಕೈಯಲ್ಲಿ ಹೋಗಿ ಕರೆಯೋಕೆ ಆಗುತ್ತಾ? ಎಲ್ಲಾರೂ ಬನ್ರಪ್ಪಾ ಅಂತ ಜೋರಾಗಿ ಅಂದೆ. ಗೋಡೆ ಆಚೆಯಿಂದ ಚಿಕ್ಕೋನು ಅಂದ..."

"ಏನಂದ?" ಅವ್ವ ಅಲ್ಲೇ ನಿಂತಳು.

"ಈ ಕಡೆ ಒಲೆ ಹೊಗೆ ನಮ್ಮಕ್ಕನಿಗೆ ಕಾಣ್ಲಿಲ್ಲ ಅಂತ ಕಾಣುತ್ತೆ, ಹೋಗ್ಲಿ ಬಿಡಿ ಭಾವ, ಮದುವೆ ಚೆನ್ನಾಗಿ ನಡೀಲಿ, ಅಂದ. ಮುಖ ತೋರಿಸ್ಲಿಲ್ಲ."

ಅವ್ವ ಚೊಂಬು ಅಲ್ಲೇ ಇಟ್ಟು ಒಳಗೆ ಹೋದಳು. ನಾನು ಸುಮ್ಮನಿರುವವಳೇ? ನನಗೆ ಕೋಪ ಮೊದಲಿನಿಂದಲೂ ಮೂಗಿನ ತುದಿಯಲ್ಲೇ. ಹಿಂದೆಯೇ ಹೋಗಿ ಬಾಯಿಗೆ ಬಂದಂತೆ ಅಂದೆ. "ಊರಿನೋರ ಮನೆಯೆಲ್ಲ ಸರಿಯಾಗಿ ಎಣಿಸ್ತೀಯ, ನನ್ನ ಮಾವನ್ನ ಮಾತ್ರ ಗುಡಿಸಿ ಆಚೆಗೆ ಹಾಕ್ದೆ. ಅವನು ಬರ್ದಿದ್ರೆ ನಾನು ಹಸೆಗೆ ಬರಲ್ಲ. ನೀನೇ ಹೋಗಿ ಕೂತ್ಕೋ!"

ಬೇರೆ ದಿನವಾಗಿದ್ದರೆ ಬೆನ್ನ ಮೇಲೆ ಒಂದು ಬೀಳುತ್ತಿತ್ತು. ಅವ್ವ ಒಲೆಯ ಮುಂದೆ ಕೂತು ಬೆಂಕಿ ನೋಡುತ್ತಿದ್ದಳು. "ಅವನಿಗೆ ನಾನೇ ಕಣೇ ಅನ್ನ ಕಲಸಿ ತಿನ್ಸಿ ಬೆಳೆಸಿದ್ದು. ಅವನ ಒಲೆ ಹೊಗೆ ನನಗೆ ಕಾಣಲ್ವಾ?" ಎಂದಳು. ಹೊಗೆಗೋ ಯಾತಕ್ಕೋ ಕಣ್ಣು ಕೆಂಪಗಾಗಿತ್ತು. ನಾನು ಬೈಯುವುದು ಬಿಟ್ಟು ಅವಳ ಪಕ್ಕದಲ್ಲಿ ಕೂತೆ. ಇಬ್ಬರೂ ಒಟ್ಟಿಗೆ ಅತ್ತೆವು. ಅಜ್ಜಿ ಬಾಗಿಲಿಗೆ ಬಂದು ನೋಡಿ "ಅಳೋದು ಆಯ್ತಾ? ಗಾಡಿ ಕಟ್ಸಲಾ?" ಎಂದಳು.

ಮರುದಿನ ಬೆಳಗಿನ ಜಾವಕ್ಕೇ ಹೊರಟೆವು. ಅಪ್ಪ ಗಾಡಿ ಹೊಡೆದ. ಅರಿಶಿನ ಹಚ್ಚಿದ ಮೇಲೆ ಹೆಣ್ಣು ಊರು ದಾಟುವ ಹಾಗಿಲ್ಲ, ಇನ್ನೂ ಹಚ್ಚಿರಲಿಲ್ಲವಾದ್ದರಿಂದ ನಾನೂ ಹತ್ತಿ ಕೂತೆ. ಅವ್ವನ ಮಡಿಲಲ್ಲಿ ತಟ್ಟೆ, ತಟ್ಟೆಯಲ್ಲಿ ಒಂದು ಕಾಯಿ. ದೇವನಹಳ್ಳಿಯಲ್ಲಿ ಎತ್ತಿಗೆ ನೀರು ಕುಡಿಸುವಾಗ ಅಜ್ಜಿ ಕಟ್ಟಿಕೊಟ್ಟ ರೊಟ್ಟಿ ಬಿಚ್ಚಿದೆವು. ಅವ್ವ ಮುಟ್ಟಲಿಲ್ಲ. "ಅಲ್ಲಿ ಊಟ ಯಾವ ಒಲೆಯಲ್ಲಿ ಮಾಡೋದು?" ಎಂದು ಇದ್ದಕ್ಕಿದ್ದಂತೆ ಕೇಳಿದಳು. ಅಪ್ಪ ಚಾವಟಿ ಎತ್ತಿಕೊಂಡು ಗಾಡಿ ಹೂಡಿದ.

ತವರಿನ ಬಾಗಿಲ ಮುಂದೆ ಇಳಿದಾಗ ಹೊತ್ತು ಇಳಿದಿತ್ತು. ಅವ್ವ ಹೊಸ್ತಿಲಿಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡು ಒಳಗೆ ಕಾಲಿಟ್ಟಳು. ಗೋಡೆ ಎದುರಿಗೇ ಇತ್ತು. ಸುಣ್ಣ ಕಾಣದ ಕೆಮ್ಮಣ್ಣಿನ ಗೋಡೆ, ಬಳಿದ ಕೈಯ ಗುರುತು ಹಾಗೇ ಉಳಿದಿತ್ತು. ಅವಳ ತಾಯಿ ಕೂತು ರಾಗಿ ಬೀಸುತ್ತಿದ್ದ ಜಾಗದ ಮೇಲೆಯೇ ಹಾದುಹೋಗಿತ್ತು. ಬೀಸುವಕಲ್ಲನ್ನು ಯಾರ ಕಡೆಗೂ ಹಾಕಲಾರದೆ ಬಾಗಿಲ ಪಕ್ಕಕ್ಕೆ ತಂದಿಟ್ಟಿದ್ದರು. ಅವ್ವ ಕಲ್ಲಿನ ಗೂಟ ಹಿಡಿದು ನಿಂತಳು. ಆಮೇಲೆ ತಲೆ ಎತ್ತಿದಳು. ಗೋಡೆ ಸೂರಿನ ತನಕ ಹೋಗಿರಲಿಲ್ಲ, ಮಣ್ಣು ಸಾಲದೆ ಹೋಯಿತೋ ಮನಸ್ಸು ಸಾಲದೆ ಹೋಯಿತೋ, ಮೇಲೆ ಬಿಟ್ಟಿದ್ದರು. ಎರಡೂ ಕಡೆಯ ಒಲೆಯ ಹೊಗೆ ಅಲ್ಲಿ ಸೇರಿಕೊಂಡು ಒಂದೇ ಹೆಂಚಿನ ಸಂದಿಯಲ್ಲಿ ಹೊರಗೆ ಹೋಗುತ್ತಿತ್ತು. ಅವ್ವ ಅದನ್ನು ಬಹಳ ಹೊತ್ತು ನೋಡಿದಳು.

ಆಮೇಲೆ ಎಡಕ್ಕೆ ತಿರುಗಿದಳು.

ಚಿಕ್ಕಮಾವ ಗೋಡೆಗೆ ಒರಗಿ ಹಗ್ಗ ಹೊಸೆಯುತ್ತ ಕೂತಿದ್ದ. ಎದ್ದು ನಿಂತ, ಆದರೆ ಬಾ ಎನ್ನಲಿಲ್ಲ. ಚಿಕ್ಕತ್ತೆ ಒಲೆಯ ಹತ್ತಿರದಿಂದ ಓಡಿ ಬಂದು ಅವ್ವನ ಕಾಲಿಗೆ ಬಿದ್ದಳು. ಅವ್ವ ಅವಳ ಹಣೆಗೆ ಕುಂಕುಮ ಇಟ್ಟು, ಎಲೆ ಅಡಿಕೆ ಕಾಯಿ ಕೈಗೆ ಕೊಟ್ಟು, "ಮನೆಮಂದಿಯೆಲ್ಲ ಬರ್ಬೇಕು ಕಣಮ್ಮ" ಎಂದಳು.

"ಅಕ್ಕ, ಒಂದು ಮಾತು ಕೇಳ್ತೀನಿ" ಎಂದ ಚಿಕ್ಕಮಾವ. "ಇದು ನಮಗೆ ಮೊದಲನೇ ಕರೆನಾ, ಎರಡನೇ ಕರೆನಾ? ಭಾವ ಬಂದು ಎಲ್ಲಾರೂ ಬನ್ನಿ ಅಂದು ಹೋದ್ರಲ್ಲ."

"ಮೊದಲನೇದು ಕಣೋ" ಎಂದಳು ಅವ್ವ. ಎಲೆಅಡಿಕೆ ಚೀಲ ಬಿಚ್ಚಿ, ಅಡಿಕೆಯ ಚೂರುಗಳ ನಡುವಿನಿಂದ ಬೀಜ ಹುಡುಕಿ ತೆಗೆದು ಅಂಗೈಯ ಮೇಲೆ ಇಟ್ಟು ಹಿಡಿದಳು. "ಇದು ನಿಂದು. ಎರಡು ಸಲ ಬಂತು ಅಂತ ತೆಗೆದೆ, ಬಿಸಾಕೋಕೆ ಆಗ್ಲಿಲ್ಲ. ನಿನ್ನ ಒಲೆ ಕಾಣ್ದೆ ತೆಗೀಲಿಲ್ಲ ಕಣೋ ತಮ್ಮ, ಕಂಡೇ ತೆಗೆದೆ. ಎರಡು ಒಲೆ ಅಂತ ನನ್ನ ಕೈಯಾರೆ ಒಪ್ಕೊಳ್ಳೋಕೆ ಆಗ್ಲಿಲ್ಲ. ಇವತ್ತು ಒಪ್ಕೊಂಡು ಬಂದಿದೀನಿ. ನನ್ನ ಮಗಳು ನೀನು ಎತ್ಕೊಂಡು ಹೋದ್ರೇನೇ ಹಸೆಗೆ ಬರೋದು ಅಂತವ್ಳೆ. ಏನ್ ಮಾಡ್ತೀಯ?"

ಚಿಕ್ಕಮಾವ ಬೀಜ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಅವನಿಗೆ ಅಳು ಬಂದರೆ ಬೈಗುಳ ಬರುತ್ತಿತ್ತು. "ಥೂ, ನಿನ್ನ ಹುಣಿಸೇಬೀಜಕ್ಕಿಷ್ಟು" ಎಂದ. ನನ್ನ ಕಡೆ ತಿರುಗಿ, "ಏನೇ, ತಿನ್ಬೇಡ ಅಂದಿದ್ದೆ, ತಿಂದು ಕೂತಿದೀಯಲ್ಲ. ಹೆಂಗೆ ಎತ್ಲಿ ನಿನ್ನ?" ಎಂದ. ನಾನು ಅವನ ಕೈಗೆ ನೇತುಬಿದ್ದೆ. ಮದುವೆ ಹೆಣ್ಣು ಹಾಗೆಲ್ಲ ಮಾಡಬಾರದು ಎಂದು ಅಪ್ಪ ಬಾಗಿಲಿಂದ ಗದರಿದ, ಕೇಳಿದವರು ಯಾರು?

ಎಲ್ಲ ಸರಿಹೋಯಿತೆಂದುಕೊಂಡೆವು. ಆಗ ಗೋಡೆಯ ಆಚೆಯಿಂದ ದೊಡ್ಡಮಾವ ಕೆಮ್ಮಿದ. ಮಾತಿಲ್ಲದ ಮನುಷ್ಯ, ಅವತ್ತು ಮಾತಾಡಿದ.

"ಅಂಗಾದ್ರೆ ಸರಿ. ನಮ್ಮನ್ನ ಕರೆಯೋಕೆ ಭಾವನ್ನ ಕಳಿಸ್ದೆ, ಅವರನ್ನ ಕರೆಯೋಕೆ ನೀನೇ ಬಂದೆ. ಯಾರು ಬೇಕಾದೋರು ಅಂತ ಗೊತ್ತಾಯ್ತು ಬಿಡವ್ವ."

ಅಯ್ಯೋ ದೇವರೇ! ಅಪ್ಪ ಹಣೆ ಹಣೆ ಚಚ್ಚಿಕೊಂಡ. ಅವ್ವ ಮಾತ್ರ ನಗಲು ಶುರು ಮಾಡಿದಳು. ಅಳು ಇನ್ನೂ ಕೆನ್ನೆಯ ಮೇಲೆ ಇತ್ತು, ನಗುತ್ತಲೇ ಚಿಕ್ಕತ್ತೆಯ ಕೈಯಲ್ಲಿದ್ದ ಕಾಯಿ ಇಸಿದುಕೊಂಡಳು. "ಕೊಡಮ್ಮ, ಸಾಲ ಕೊಡು, ಆಮೇಲೆ ನಿಂಗೆ ಬೇರೆ ಕೊಡ್ತೀನಿ" ಎಂದು ತಟ್ಟೆಗೆ ಇಟ್ಟುಕೊಂಡು ಗೋಡೆ ಸುತ್ತಿ ಬಲಗಡೆಗೆ ಹೋದಳು. ದೊಡ್ಡತ್ತೆಗೆ ಕುಂಕುಮ ಇಟ್ಟಳು, ಕಾಯಿ ಕೊಟ್ಟಳು, ಮನೆಮಂದಿಯೆಲ್ಲ ಬರಬೇಕೆಂದಳು. ಎರಡು ಸಲ ಬಂದವರನ್ನು ಹುಡುಕಿ ಹುಡುಕಿ ತೆಗೆದ ನಮ್ಮವ್ವ ತನ್ನ ಅಣ್ಣನನ್ನು ಎರಡು ಸಲ ಕರೆದಳು.

ಆ ರಾತ್ರಿ ಊಟದ ಪ್ರಶ್ನೆಗೂ ಹಾಗೇ ಉತ್ತರ ಸಿಕ್ಕಿತು. ದೊಡ್ಡಮಾವನ ಕಡೆ ಮುದ್ದೆ ಹುಳಿಸಾರು, ಚಿಕ್ಕಮಾವನ ಕಡೆ ಮುದ್ದೆ ಅವರೆಕಾಳು ಸಾರು. ಯಾರನ್ನೂ ಬಿಡುವ ಹಾಗಿಲ್ಲ. ಅವ್ವ, ನಾನು ಹೇಗೋ ಅಲ್ಲಿಷ್ಟು ಇಲ್ಲಿಷ್ಟು ಮುಟ್ಟಿ ಪಾರಾದೆವು. ಅಪ್ಪ ಪಾಪ ಎರಡು ಕಡೆಯೂ ಪೂರ್ತಿ ಉಂಡ. ಹಿಂದಿರುಗುವಾಗ ದಾರಿಯುದ್ದಕ್ಕೂ ಹೊಟ್ಟೆ ಸವರಿಕೊಳ್ಳುತ್ತ ಅವ್ವನ ತವರನ್ನು ಹೊಗಳುತ್ತಿದ್ದನೋ ಬೈಯುತ್ತಿದ್ದನೋ ತಿಳಿಯಲಿಲ್ಲ.

ಮನೆಗೆ ಬಂದವಳೇ ಅವ್ವ ಕೈಕಾಲು ಕೂಡ ತೊಳೆಯದೆ ನಡುಮನೆಗೆ ಹೋಗಿ ಕುಂದಾಣದ ದಾರಿಯಲ್ಲಿ ಇನ್ನೊಂದು ಬೀಜ ಇಟ್ಟಳು. ಮೊದಲಿನ ಬೀಜಕ್ಕೆ ತಾಗಿಸಿ ಇಟ್ಟಳು. ಅಪ್ಪ ಹೊಸಕೋಟೆಗೆ ಹೋಗಿ ಬಂದ, ಅಕ್ಕಿ ಬಂತು, ಚಪ್ಪರ ಎದ್ದಿತು.

ಮದುವೆಯ ಹಿಂದಿನ ದಿನ ಕುಂದಾಣದ ಕಡೆಯಿಂದ ಗಾಡಿ ಬರುತ್ತದೆಂದು ಅವ್ವ ಗಳಿಗೆಗೊಮ್ಮೆ ಬೀದಿಗೆ ಹೋಗಿ ನೋಡುತ್ತಿದ್ದಳು. ಕೊನೆಗೆ ಬಂತು. ಒಂದಲ್ಲ, ಎರಡು. ಮುಂದಿನದರಲ್ಲಿ ದೊಡ್ಡಮಾವನ ಮನೆಯವರು, ಹಿಂದಿನದರಲ್ಲಿ ಚಿಕ್ಕಮಾವನ ಮನೆಯವರು. ಒಂದೇ ಬಾಗಿಲಿಂದ ಹೊರಟು, ಒಂದೇ ದಾರಿಯಲ್ಲಿ ಇಡೀ ದಿನ ಒಬ್ಬರ ಧೂಳು ಒಬ್ಬರು ಕುಡಿದುಕೊಂಡು ಬಂದಿದ್ದರು. ಅವ್ವನ ಮುಖ ಸಪ್ಪಗಾಯಿತು. "ಒಂದು ಗಾಡಿ ಸಾಕಾಗಿತ್ತಲ್ಲೋ" ಎಂದಳು. ಅಣ್ಣ ತಮ್ಮ ಇಬ್ಬರೂ ಬೇರೆ ಬೇರೆ ಕಡೆ ನೋಡಿದರು. ದೊಡ್ಡಮಾವ ತಾನು ತಂದಿದ್ದ ರಾಗಿ ಮೂಟೆಗಳನ್ನು ಒಂದೊಂದಾಗಿ ಬೆನ್ನ ಮೇಲೆ ಹೊತ್ತು ಒಳಗೆ ಹಾಕಿದ, ಯಾರು ಕೈ ಕೊಡಲು ಹೋದರೂ ಬೇಡವೆಂದ.

ಮುಹೂರ್ತದ ಹೊತ್ತು ಬಂತು. ನನ್ನನ್ನು ಒಳಕೋಣೆಯಲ್ಲಿ ಕೂರಿಸಿದ್ದರು. ಹೊರಗೆ ವಾಲಗದವರು ಜೋರು ಮಾಡಿದರು. ಹೆಣ್ಣನ್ನು ಕರೆತನ್ನಿ ಎಂದು ಪುರೋಹಿತರು ಕೂಗಿದರು. ತಲೆ ಎತ್ತಿ ನೋಡಿದರೆ ಕೋಣೆಯ ಬಾಗಿಲಲ್ಲಿ ಇಬ್ಬರು ಮಾವಂದಿರೂ ನಿಂತಿದ್ದಾರೆ, ಇಬ್ಬರೂ ಹೊಸ ಪಂಚೆ, ಇಬ್ಬರೂ ಪೇಟ. ಚಿಕ್ಕಮಾವನೇ ಬೇಕೆಂದು ಹಟ ಮಾಡಿದವಳು ನಾನು, ಆದರೆ ಎತ್ತುವ ಹಕ್ಕು ಹಿರಿಯವನದು. ಅವ್ವ ನನ್ನ ಹಿಂದೆ ನಿಂತು ನನ್ನ ಭುಜ ಹಿಡಿದಿದ್ದಳು, ಅವಳ ಉಗುರು ನಾಟುತ್ತಿತ್ತು.

ಚಿಕ್ಕಮಾವ ಒಂದು ಹೆಜ್ಜೆ ಹಿಂದಕ್ಕೆ ಸರಿದು ಗೋಡೆಗೆ ಒರಗಿ ನಿಂತ. ಅವನ ಮುಖ ನೋಡಲು ನನಗೆ ಆಗಲಿಲ್ಲ.

ದೊಡ್ಡಮಾವ ನನ್ನ ಮುಂದೆ ಬಂದ. ತಲೆ ಸವರಿದ. ಬಗ್ಗುವವನ ಹಾಗೆ ಮಾಡಿ, ಸೊಂಟಕ್ಕೆ ಕೈ ಕೊಟ್ಟು "ಅಯ್ಯಪ್ಪಾ" ಎಂದ. ಆಮೇಲೆ ತಿರುಗಿದ.

"ನನ್ನ ಸೊಂಟ ಹಿಡ್ಕೊಂಡೈತೆ. ನೀನೇ ಎತ್ತೋ ತಮ್ಮ."

ಆ ಗೋಡೆ ಎದ್ದ ಮೇಲೆ ಅಣ್ಣ ತಮ್ಮನಿಗೆ ಆಡಿದ ಮೊದಲ ಮಾತು ಅದು. ಹಿಂದಿನ ದಿನವಷ್ಟೇ ಮೂಟೆ ಹೊತ್ತ ಸೊಂಟ ಅದು, ನೋಡಿದವರು ನಾವೆಲ್ಲ ಅಲ್ಲೇ ಇದ್ದೆವು. ಚಿಕ್ಕಮಾವನೂ ನೋಡಿದ್ದ. ಅವನು ಬಂದು ನನ್ನನ್ನು ಎತ್ತಿದ. ಅವನ ಉಸಿರು ನನ್ನ ಬಾಸಿಂಗಕ್ಕೆ ತಾಗುತ್ತಿತ್ತು, ಬೈಗುಳ ಒಂದೂ ಹೊರಡಲಿಲ್ಲ, ಬರೀ ಕಣ್ಣೀರೇ. ಅವ್ವ ಹಿಂದಿನಿಂದ "ಹೊತ್ತು ಮೀರ್ತೈತೆ, ನಡೀರೋ" ಎಂದು ಗದರಿದಳು.

ಗೋಡೆ ಹಾಗೇ ಉಳಿಯಿತು. ಒಲೆ ಎರಡೇ ಇದ್ದವು, ಅವ್ವ ಇರುವ ತನಕ ಯಾವ ಮದುವೆ ಬಂದರೂ ಕುಂದಾಣದ ದಾರಿಯಲ್ಲಿ ಎರಡು ಬೀಜ ತಾಗಿಸಿ ಇಡುತ್ತಿದ್ದಳು. ಆದರೆ ಆ ದಿನ ಒಳಕೋಣೆಯಿಂದ ಹಸೆಮಣೆಯ ತನಕ ಚಿಕ್ಕಮಾವ ನನ್ನನ್ನು ಹೊತ್ತು ನಡೆದಾಗ, ಸೊಂಟ ಹಿಡಿದುಕೊಂಡವನು ಹಿಂದಿನಿಂದ ಎರಡೂ ಕೈ ಚಾಚಿಕೊಂಡು ಬರುತ್ತಿದ್ದ, "ಲೇ, ಹುಷಾರು, ಬೀಳಿಸೀಯ" ಎನ್ನುತ್ತ.